ಅಕ್ಕಸಾಲಿ ಮಾನಪ್ಪನು ಹೊಗೆಯ ಚಟ ಬಿಟ್ಟ ಕಥೆ

ಬೆಂಕಿಯಲ್ಲಿ ಬೆಳಕಾಗಿಯೂ ಎದೆಗೂಡಿನಲ್ಲಿ ಉಸಿರಾಗಿಯೂ ಇರತಕ್ಕ ತಾಯಿ ಕಾಳಮ್ಮನ ಪಾದಕ್ಕೆ ಶರಣೆಂದು, ಉಸಿರುವ್ರತದ ಕಥೆಯನ್ನು ಹೇಳುತ್ತೇವೆ. ಹೆಂಗಸರೂ ಮಕ್ಕಳೂ ದೀಪದ ಹತ್ತಿರ ಬಂದು ಕೂಡುವುದು. ಕಥೆ ಶುರುವಾಗುವ ಹೊತ್ತಿಗೆ ಹೊರಗೆ ಏನೋ ಕೆಲಸವಿದೆಯೆಂದು ಮೆಲ್ಲಗೆ ಏಳುವ ಗಂಡಸರು ಇವತ್ತೊಂದು ದಿನ ಏಳಬಾರದು. ಈ ಕಥೆ ಇರುವುದೇ ಅವರಿಗಾಗಿ.

ಹೊಂಬಾವಿ ಎಂಬ ಪಟ್ಟಣದಲ್ಲಿ, ಕಾಳಮ್ಮನ ಗುಡಿಯ ಎಡಕ್ಕಿದ್ದ ಅಕ್ಕಸಾಲಿಗರ ಓಣಿಯಲ್ಲಿ, ಮಾನಪ್ಪನೆಂಬ ಅಕ್ಕಸಾಲಿಯು ನೀಲವ್ವನೆಂಬ ಹೆಂಡತಿಯೊಡನೆ, ಹೊನ್ನವ್ವನೆಂಬ ಏಳು ವರುಷದ ಒಬ್ಬಳೇ ಮಗಳೊಡನೆ ವಾಸವಾಗಿದ್ದನು. ಅವನ ಕೈ ಒಳ್ಳೆಯದು, ಉಸಿರು ಅದಕ್ಕಿಂತ ಒಳ್ಳೆಯದು. ಅಗ್ಗಿಷ್ಟಿಕೆಯ ಕೆಂಡದ ಮುಂದೆ ಕುಳಿತು, ಹಿತ್ತಾಳೆಯ ಊದುಗೊಳವೆಯನ್ನು ತುಟಿಗಿಟ್ಟು, ಎಲ್ಲಿಯೂ ತಡೆಯದ ಒಂದೇ ಉಸಿರಿನಿಂದ ಉರಿಯನ್ನು ಬಗ್ಗಿಸಿ, ಕೂದಲೆಳೆಯಂಥ ಬಂಗಾರದ ತಂತಿಯನ್ನು ಕರಗಿಸದೆ ಬೆಸೆಯುತ್ತಿದ್ದನು. ಆ ಓಣಿಯ ಹಿರಿಯರೂ ನಾಜೂಕಿನ ಬೆಸುಗೆಯಿದ್ದರೆ ಅವನ ಮನೆಗೆ ಕಳಿಸುತ್ತಿದ್ದರು. ಅದರಿಂದ ಅವನಿಗೆ ಜಂಬವೂ ಬಂದಿತ್ತು.

ಇಂಥವನಿಗೆ ಹೊಗೆಸೊಪ್ಪಿನ ಚಟ ಅಂಟಿಕೊಂಡಿತ್ತು. ಬೇರೆಯವರಿಗೆ ಚುಟ್ಟಾ ಹಚ್ಚಲು ಬೆಂಕಿ ಹುಡುಕುವ ತೊಂದರೆಯಾದರೂ ಇರುತ್ತದೆ, ಇವನಿಗೆ ಕೆಂಡವು ಮೊಣಕಾಲ ಹತ್ತಿರವೇ. ಎದ್ದರೊಂದು, ಉಂಡರೊಂದು, ಬೆಸುಗೆ ಕೂಡಿದರೆ ಖುಷಿಗೊಂದು, ಕೂಡದಿದ್ದರೆ ಸಿಟ್ಟಿಗೊಂದು. ನೀಲವ್ವನು ಬೇಡಿಕೊಂಡರೆ, ದಿನವಿಡೀ ಬೆಂಕಿಯ ಮುಂದೆ ಕೂಡುವವನಿಗೆ ಹೊಗೆ ಏನು ಹೊಸದೇ ಎಂದು ನಕ್ಕುಬಿಡುವನು. ಹೊನ್ನವ್ವನಾದರೋ ಅಪ್ಪನ ಬಲಗಡೆಯನ್ನು ಬಿಟ್ಟು ಏಳುವವಳಲ್ಲ. ಬೆಸುಗೆಗೆ ಬೇಕಾದ ಬಿಳಿಗಾರವನ್ನು ಚಿಟಿಕೆ ಚಿಟಿಕೆಯಾಗಿ ಕೊಡುವುದು ಅವಳ ಕೆಲಸ. ಹಸುಗೂಸಾಗಿದ್ದಾಗಿನಿಂದ ಅವಳಿಗೆ ಉಬ್ಬಸವಿತ್ತು.

ಹೀಗಿರಲಾಗಿ, ನವರಾತ್ರಿಗೆಂದು ಗುಡಿಯವರು ಕಾಳಮ್ಮನ ಕೊರಳಿಗೆ ಹೂವೆಸಳಿನ ಬಂಗಾರದ ಕಂಠಿಯನ್ನು ಮಾಡಲು ಮಾನಪ್ಪನಿಗೆ ಒಪ್ಪಿಸಿದರು. ನಾಲ್ಕು ದಿನ ಕೂತು ಎಸಳುಗಳನ್ನು ಕೂಡಿಸಿ, ಐದನೆಯ ದಿನ ಕೊನೆಯ ಬೆಸುಗೆಗೆ ಕೊಳವೆಯನ್ನು ಊದುತ್ತಿರುವಾಗ ಅವನಿಗೆ ಕೆಮ್ಮು ಬಂದಿತು. ಉರಿಯು ಎಗರಿ ಎಸಳುಗಳ ಮೇಲೆ ಬಿದ್ದು, ನಾಲ್ಕು ದಿನದ ಕೆಲಸವು ಕಣ್ಣೆದುರಿಗೇ ಮುದ್ದೆಯಾಯಿತು. ಅದೇ ವಾರ ಹೊನ್ನವ್ವನಿಗೆ ಉಬ್ಬಸವು ಹೆಚ್ಚಾಗಿ, ಮಲಗಲಾರದೆ ಗೋಡೆಗೊರಗಿ ಕುಳಿತೇ ಮೂರು ದಿನ ಕಳೆದಳು. ಆಗ ನೀಲವ್ವನು ಗುಡಿಗೆ ಹೋಗಿ ಕಂಬದ ಬುಡದಲ್ಲಿ ಅಳುತ್ತಿರಲು, ಅಲ್ಲಿ ಹುಣಸೆಹಣ್ಣು ಹಚ್ಚಿ ದೀಪಗಳನ್ನು ತಿಕ್ಕುತ್ತಿದ್ದ ಮುದುಕಿಯೊಬ್ಬಳು ಅವಳನ್ನು ಹತ್ತಿರಕ್ಕೆ ಕರೆದು ಈ ವ್ರತವನ್ನು ಹೇಳಿಕೊಟ್ಟಳು.

ಅದು ಹೇಗೆಂದರೆ, ಹೊಗೆಯ ಚಟ ಬಿಡುವವನು ಮಂಗಳವಾರ ತಲೆಗೆ ನೀರು ಹಾಕಿಕೊಂಡು, ಮನೆಯಲ್ಲಿರುವ ಹೊಗೆಸೊಪ್ಪನ್ನೆಲ್ಲ ಹೊಳೆಗೆ ಬಿಟ್ಟು, ಮಕ್ಕಳ ತಲೆ ಮುಟ್ಟಿ ತಾಯಿಯ ಮುಂದೆ ಮಾತು ಕೊಡಬೇಕು. ನಲವತ್ತೆಂಟು ದಿನ ಹೊಗೆಯು ಒಳಗೆ ಹೋಗಬಾರದು. ಆಸೆ ಎದ್ದಾಗ ಒಂದು ತಂಬಿಗೆ ನೀರು ಕುಡಿದು ತಾಯಿಯ ಹೆಸರನ್ನು ನೂರೆಂಟು ಎಣಿಸಬೇಕು. ಎಣಿಕೆ ಮುಗಿಯುವಷ್ಟರಲ್ಲಿ ಆಸೆ ಕೂತುಕೊಳ್ಳುತ್ತದೆ, ಮತ್ತೆ ಏಳುತ್ತದೆ, ಮತ್ತೆ ಎಣಿಸಬೇಕು. ಎಲ್ಲಕ್ಕೂ ಮುಖ್ಯವಾದದ್ದು, ದಿನಾಲೂ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯ ಮುಂದೆ ಕುಳಿತು, ಅಂದು ಎಷ್ಟು ಸಲ ಆಸೆಯಾಯಿತು, ತಡೆದೆನೋ ಸೋತೆನೋ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಕೇಳಿದವರು ಬೈಯಬಾರದು, ನಗಬಾರದು, “ಕೇಳಿದೆ” ಎಂದಷ್ಟೇ ಅನ್ನಬೇಕು. ಸೋತೆನೆಂದು ಹೇಳಿದವನಿಗೆ ವ್ರತ ಕೆಡುವುದಿಲ್ಲ, ಮರುದಿನ ಮತ್ತೆ ಒಂದನೆಯ ದಿನವಾಗುತ್ತದೆ. ಮುಚ್ಚಿಟ್ಟವನಿಗೆ ಮಾತ್ರ ಕೆಡುತ್ತದೆ. ಇಷ್ಟು ಹೇಳಿ ಮುದುಕಿಯು ದೀಪಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮಗಳ ಪಾಡು ನೋಡಿ ಬೆದರಿದ್ದ ಮಾನಪ್ಪನು ಒಪ್ಪಿದನು. ಮಂಗಳವಾರ ಮಿಂದು, ಹೊನ್ನವ್ವನ ತಲೆಯ ಮೇಲೆ ಕೈಯಿಟ್ಟು, ಇನ್ನು ಚುಟ್ಟಾ ನನ್ನ ತುಟಿಗೆ ತಾಗದು ಎಂದು ಮಾತು ಕೊಟ್ಟನು. ಸೊಪ್ಪನ್ನು ಹೊಳೆಗೆ ಬಿಟ್ಟನು. ಆದರೆ ಅರಗಿನ ಗಡಿಗೆಯ ಹಿಂದೆ ನಾಲ್ಕಾರು ಎಲೆ ಉಳಿದದ್ದು ಅವನಿಗೆ ಗೊತ್ತಿತ್ತು. ಇದ್ದೂ ಮುಟ್ಟದಿರುವುದೇ ದೊಡ್ಡಸ್ತಿಕೆಯೆಂದು ತನಗೆ ತಾನೇ ಹೇಳಿಕೊಂಡು ಅದನ್ನು ಹಾಗೇ ಬಿಟ್ಟನು. ಸಂಜೆ ನೀಲವ್ವನು ದೀಪ ಹಚ್ಚಿ ಕಾದು ಕುಳಿತರೆ, ಹೆಂಡತಿ ಮಕ್ಕಳ ಮುಂದೆ ಕೂತು ನನಗೆ ಆಸೆಯಾಯಿತೆಂದು ಒದರುವುದೇ, ನಾನೇನು ಬಸುರಿಯೇ ಎಂದು ಚೇಷ್ಟೆ ಮಾಡಿ ಎದ್ದುಹೋದನು. ಅವಳು ಒತ್ತಾಯ ಮಾಡಲಿಲ್ಲ. ಬಿಟ್ಟನಲ್ಲ, ಅಷ್ಟೇ ಸಾಕೆಂದುಕೊಂಡಳು.

ಮೊದಲ ಹತ್ತು ದಿನ ಅವನು ಪಟ್ಟ ಪಾಡು ವೈರಿಗೂ ಬೇಡ. ಕೈ ನಡುಗಿತು, ತಲೆ ಸಿಡಿಯಿತು, ನಿದ್ದೆ ಹಾರಿತು, ಸಾರಿಗೆ ಉಪ್ಪು ಕಡಿಮೆಯೆಂದು ತಾಟನ್ನೇ ಎಸೆದನು. ಲವಂಗ ಕಚ್ಚಿದನು, ಹುರಿಗಡಲೆ ತಿಂದನು, ನೀರು ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡನು. ಇಪ್ಪತ್ತು ದಿನ ದಾಟುತ್ತಲೇ ಎದೆ ಹಗುರಾಯಿತು, ಅನ್ನಕ್ಕೆ ರುಚಿ ಬಂತು. ಹೊನ್ನವ್ವನು ಬಾವಿಕಟ್ಟೆಯ ಸುತ್ತ ಓಡಿದಳು, ಓಡಿಬಂದು ನಿಂತಾಗ ಅವಳ ಎದೆ ಸಿಳ್ಳೆ ಹಾಕಲಿಲ್ಲ. ಗೆದ್ದೆನೆಂದು ಮಾನಪ್ಪನು ಮೀಸೆ ತಿರುವಿದನು. ಗೆದ್ದೆನೆಂದುಕೊಂಡವನ ಹತ್ತಿರವೇ ಆಸೆಯು ಬಂದು ಕೂಡುವುದು, ಕೇಳುತ್ತಿರುವವರಲ್ಲಿ ಕೆಲವರಿಗಾದರೂ ಇದು ಗೊತ್ತಿರಬೇಕು.

ಮೂವತ್ತೊಂದನೆಯ ದಿನ ಮಧ್ಯಾಹ್ನ, ಹೊಸದಾಗಿ ಶುರುಮಾಡಿದ ಕಂಠಿಯ ಬೆಸುಗೆಯೊಂದು ಮೂರು ಸಲ ಬಿಟ್ಟುಹೋಗಲು, ಅವನ ಕಣ್ಣು ಅರಗಿನ ಗಡಿಗೆಯ ಕಡೆಗೆ ಹೋಯಿತು. ಚುಟ್ಟಾ ತುಟಿಗೆ ತಾಗದೆಂದಲ್ಲವೇ ಮಾತು ಕೊಟ್ಟದ್ದು, ಊದುಗೊಳವೆಯಂತೂ ದಿನವೂ ತುಟಿಗೆ ತಾಗುತ್ತದೆ ಎಂದು ಅವನ ಬುದ್ಧಿ ಓಡಿತು. ಚಿಟಿಕೆ ಸೊಪ್ಪನ್ನು ಕೆಂಡದ ಅಂಚಿಗೆ ಉದುರಿಸಿ, ಕೊಳವೆಯ ತುದಿಯನ್ನು ಅದರ ಮೇಲೆ ಹಿಡಿದು, ಊದುವ ಬದಲು ಒಳಗೆ ಎಳೆದನು. ಮೂವತ್ತು ದಿನದ ಹಸಿವು ಒಂದೇ ದಮ್ಮಿಗೆ ತಣಿಯಿತು. ಎಂಥ ಉಪಾಯ ಕಂಡೆನೆಂದು ತನ್ನ ಜಾಣತನಕ್ಕೆ ತಾನೇ ಹಿಗ್ಗಿದನು. ಬೇರೆ ಯಾವ ಕಸುಬಿನವನಿಗೂ ಇಂಥದು ಹೊಳೆಯುತ್ತಿರಲಿಲ್ಲ. ಒಂದು ಸಲಕ್ಕೆ ಸಾಕೆಂದವನು ಮರುದಿನ ಎರಡು ಸಲ ಎಳೆದನು. ವಾಸನೆ ತಿಳಿಯಬಾರದೆಂದು ಕೆಂಡದ ಮೇಲೆ ಒಂದು ತುಂಡು ಅರಗನ್ನೂ ಹಾಕಿ, ಕೆಲಸದ ಕೋಣೆಯ ಬಾಗಿಲು ಮುಚ್ಚಿದನು.

ಮುಚ್ಚಿದ ಬಾಗಿಲೊಳಗೆ ಹೊನ್ನವ್ವನೂ ಇದ್ದಳು. ಅವಳನ್ನು ಹೊರಗೆ ಕಳಿಸಿದರೆ ನೀಲವ್ವನಿಗೆ ಸಂಶಯ ಬಂದೀತೆಂದು ಅವನು ಕಳಿಸಲಿಲ್ಲ. ಮಗಳ ಗಲ್ಲ ಹಿಡಿದು, “ಅವ್ವಗ ಹೇಳಬ್ಯಾಡವ್ವ, ಇದು ನಮ್ಮಿಬ್ಬರ ಗುಟ್ಟು,” ಎಂದನು. ಅಪ್ಪನು ತನ್ನೊಬ್ಬಳಿಗೇ ಗುಟ್ಟು ಹೇಳಿದನೆಂದು ಕೂಸಿಗೆ ಸಂತೋಷವಾಯಿತು, ತಲೆಯಾಡಿಸಿದಳು.

ಅಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿದು, ಹೊನ್ನವ್ವನ ಎದೆ ಮತ್ತೆ ಸಿಳ್ಳೆ ಹಾಕತೊಡಗಿತು. ನೀಲವ್ವನು ಒಂದೇ ಒಂದು ಸಲ ಗಂಡನನ್ನು ಕೇಳಿದಳು. “ಅಲ್ಲರೀ, ಒಳಗ ಹೊಗಿ ಏನರ ಆಗಾಕತ್ತೇತೇನ್ರಿ?” ಆಗಲೇ ಅವನು ನಿಜ ಹೇಳಿಬಿಟ್ಟಿದ್ದರೆ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ನಲವತ್ತು ದಿನದ ಹೆಸರು ಹೋಗುತ್ತದಲ್ಲ. “ಅರಗಿನ ವಾಸನಿ ಅದು, ಮತ್ತೇನಿಲ್ಲ. ಹುಡುಗಿಗೆ ಥಂಡಿ ಆಗೇತಿ,” ಎಂದನು. ಗಂಡನ ಮಾತನ್ನು ನಂಬಿದ ಆ ತಾಯಿಯು, ಥಂಡಿಗಾಳಿ ತಾಗಬಾರದೆಂದು ಮಗಳಿಗೆ ಕಂಬಳಿ ಹೊದಿಸಿ, ಮನೆಯಲ್ಲೆಲ್ಲ ಬೆಚ್ಚಗಿರುವುದು ಅದೊಂದೇ ಎಂದು ದಿನವೂ ತನ್ನ ಕೈಯಾರೆ ಆ ಕೆಲಸದ ಕೋಣೆಯಲ್ಲಿ ಕೂಡಿಸಿ, ಬಾಗಿಲನ್ನು ಎಳೆದುಕೊಂಡಳು. ಹೊನ್ನವ್ವನು ಉಸಿರು ಕಟ್ಟುತ್ತದೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆಂದು ಕೇಳುತ್ತಾರೆ, ಯಾಕೆಂದು ಹೇಳಿದರೆ ಗುಟ್ಟು ಹೊರಬೀಳುತ್ತದೆ. ಏಳು ವರುಷದ ಕೂಸು ಅಷ್ಟು ಲೆಕ್ಕ ಹಾಕಿತ್ತು.

ನಲವತ್ತೆಂಟನೆಯ ದಿನ ಬಂದಿತು. ವ್ರತ ಮುಗಿಸುವ ಸಂಭ್ರಮಕ್ಕೆ ನೀಲವ್ವನು ಹೋಳಿಗೆ ಮಾಡಿ, ಓಣಿಯ ಐವರು ಮುತ್ತೈದೆಯರನ್ನು ಕರೆದು, ಹೊತ್ತು ಮುಳುಗುತ್ತಲೇ ದೀಪ ಹಚ್ಚಿ, ಮಗಳನ್ನು ಕರೆಯಲು ಬಾಗಿಲು ತೆರೆದಳು. ಹೊನ್ನವ್ವನು ಒಬ್ಬಳೇ ಗೋಡೆಗೊರಗಿದ್ದಳು, ತುಟಿಯು ನೀಲಿಯಾಗಿತ್ತು. ಎತ್ತಿ ತಂದು ದೀಪದ ಬಳಿ ಮಲಗಿಸಿ, ಬೆನ್ನು ತಿಕ್ಕಿ, ಬಿಸಿನೀರು ಹನಿಸಿದರು, ವೈದ್ಯನನ್ನು ಕರೆತರಲು ಮಂದಿ ಓಡಿದರು. ಹಿತ್ತಲಿಗೆ ಮೀಯಲು ಹೋಗಿದ್ದ ಮಾನಪ್ಪನು ಓಡಿಬಂದು ಮಗಳ ಮುಖದ ಮೇಲೆ ಬಾಗಿದಾಗ, ಅವಳು ಉಳಿದ ಉಸಿರನ್ನೆಲ್ಲ ಕೂಡಿಸಿಕೊಂಡು ಅವನಿಗೆ ಹೇಳಿದಳು.

“ನಾ ಹೇಳಿಲ್ಲಪ್ಪ.”

ಅಷ್ಟೇ ಅವಳ ಮಾತು. ವೈದ್ಯನು ಹೊಸ್ತಿಲು ದಾಟುವ ಮೊದಲೇ ಪ್ರಾಣ ಹೋಯಿತು.

ನೀಲವ್ವನು ಗಂಡನ ಕಡೆಗೆ ತಿರುಗಿ, ಏನು ಹೇಳಿಲ್ಲ ಎಂದು ಕೇಳಿದಳು. ಅವನು ಐವರು ಮುತ್ತೈದೆಯರ ಎದುರಿಗೇ ಎಲ್ಲವನ್ನೂ ಹೇಳಿದನು. ಅವಳು ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. “ನಾನ ಆಕಿನ್ನ ಅಲ್ಲಿ ಕುಂದರಿಸಿದೆ,” ಎಂದಳು. ಆ ಮೇಲೆ ಅವನೊಡನೆ ಮಾತಾಡಲಿಲ್ಲ.

ಮಣ್ಣು ಮಾಡಿ ಮರಳಿ ಬರುವ ದಾರಿಯಲ್ಲಿ, ಸಮಾಧಾನಕ್ಕಿರಲಿ ಎಂದು ಯಾರೋ ಒಂದು ಚುಟ್ಟಾ ಮುಂದೆ ಚಾಚಿದರು. ಕೇಳಿರಿ, ಕೈಗೆ ಇನ್ನೂ ಮಗಳ ಕುಣಿಯ ಮಣ್ಣು ಅಂಟಿತ್ತು, ಆ ಕೈಯೇ ಚುಟ್ಟಾಕ್ಕೆ ಚಾಚಿಕೊಂಡಿತು. ಅದನ್ನು ಕಂಡು ಮಾನಪ್ಪನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಕೈ ಹಿಂದಕ್ಕೆ ಎಳೆದುಕೊಂಡು ನೆಟ್ಟಗೆ ಗುಡಿಗೆ ಓಡಿದನು. ಸೂತಕದವನು ಒಳಗೆ ಹೋಗುವಂತಿಲ್ಲವಾದ್ದರಿಂದ ಹೊರಗಿನ ಮೆಟ್ಟಿಲಿಗೆ ತಲೆಯಿಟ್ಟು, ಮಗಳನ್ನು ಮರಳಿ ಕೊಡು, ನನ್ನ ಉಸಿರು ತಕ್ಕೋ ಎಂದು ಮೊರೆಯಿಟ್ಟನು. ದೀಪ ತಿಕ್ಕುವ ಮುದುಕಿಯಾದರೂ ಸಿಕ್ಕಾಳೇ ಎಂದು ವಿಚಾರಿಸಿದರೆ, ಅಂಥ ಮುದುಕಿ ಇಲ್ಲಿ ಯಾವತ್ತೂ ಇರಲಿಲ್ಲವೆಂದು ಪೂಜಾರಿ ಹೇಳಿದನು. ಆಗ ಅವನಿಗೆ ಗುಡಿಯೊಳಗಿನಿಂದ ಮಾತು ಕೇಳಿಸಿತು. “ಇದು ಹೋದ ಉಸಿರನ್ನು ತರುವ ವ್ರತವಲ್ಲ. ಇರುವ ಉಸಿರನ್ನು ಕಾಯುವ ವ್ರತ.” ಬೇರೆ ಕಥೆಗಳಲ್ಲಿ ಸತ್ತವರು ನಿದ್ದೆಯಿಂದ ಎದ್ದಂತೆ ಎದ್ದು ಕೂಡುತ್ತಾರೆ. ಹೊನ್ನವ್ವ ಏಳಲಿಲ್ಲ.

ಸೂತಕ ಕಳೆದ ಮಂಗಳವಾರ ಮಾನಪ್ಪನು ಮಿಂದು, ಗಡಿಗೆಯ ಹಿಂದಿನ ಕೊನೆಯ ಪುಡಿಯನ್ನೂ ಗುಡಿಸಿ ಹೊಳೆಗೆ ಬಿಟ್ಟು, ವ್ರತವನ್ನು ಮೊದಲಿನಿಂದ ಹಿಡಿದನು. ಸಂಜೆ ನೀಲವ್ವನು ದೀಪ ಹಚ್ಚದಿರಲು ತಾನೇ ಹಚ್ಚಿದನು. ಅವಳು ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಅವಳ ಬೆನ್ನಿಗೆ ಅವನು ಹೇಳಿದನು. ಇಂದು ಇಪ್ಪತ್ತೆರಡು ಸಲ ಆಸೆಯಾಯಿತು, ತಡೆದೆನು. ಮರುದಿನ ಹತ್ತೊಂಬತ್ತು ಸಲ, ಅದರ ಮರುದಿನ ಇಪ್ಪತ್ತೈದು. ದುಃಖ ಇದ್ದಲ್ಲಿ ಹೊಗೆಯ ಆಸೆ ದುಪ್ಪಟ್ಟು, ಮಗಳು ನೆನಪಾದ ಕೂಡಲೇ ಅದು ನೆನಪಾಗುವುದು, ಅದು ನೆನಪಾದ ಕೂಡಲೇ ಮಗಳು. ಹೀಗೆ ಮೂವತ್ತು ದಿನ ಅವನು ಹೇಳಿದನು, ಮೂವತ್ತು ದಿನವೂ ಅವಳು ಸುಮ್ಮನಿದ್ದಳು.

ಮೂವತ್ತೊಂದನೆಯ ದಿನ, ಹೊಳೆಯಾಚೆಯ ಊರಿಗೆ ಒಬ್ಬನೇ ಹೋಗಿದ್ದಾಗ, ಅವನು ಸೋತನು. ಯಾವನೋ ಅರಿಯದ ದಾರಿಹೋಕನ ಹತ್ತಿರ ಚುಟ್ಟಾ ಕೇಳಿ ಹಚ್ಚಿ, ಎರಡು ದಮ್ಮು ಎಳೆದು, ಉಳಿದದ್ದನ್ನು ಮಣ್ಣಿಗೆ ಒತ್ತಿದನು. ಗುರುತಿನವರು ಯಾರೂ ಕಂಡಿರಲಿಲ್ಲ. ಹೊಳೆಯಲ್ಲಿ ಬಾಯಿ ತೊಳೆದರೆ ವಾಸನೆಯೂ ಇಲ್ಲ. ನಾಳೆ ಮೂವತ್ತೆರಡು ಎಂದರೆ ಅಲ್ಲವೆನ್ನುವವರಿಲ್ಲ. ದಾರಿಯುದ್ದಕ್ಕೂ ಅವನ ಮನಸ್ಸು ಇದನ್ನೇ ಹೇಳುತ್ತ ಬಂದಿತು, ಬಹಳ ಪ್ರೀತಿಯಿಂದ ಹೇಳಿತು. ಮನೆಗೆ ಬಂದು, ದೀಪ ಹಚ್ಚಿ, ಅವಳ ಬೆನ್ನಿನ ಹಿಂದೆ ಕುಳಿತು, ಅವನು ಹೇಳಿದನು. “ಇವತ್ತು ಸೋತೆ. ಎರಡು ದಮ್ಮು ಎಳದೆ. ನಾಳೆ ಮತ್ತ ಒಂದನೇ ದಿನ.”

ನೀಲವ್ವನು ಗೋಡೆಯಿಂದ ಮುಖ ತಿರುಗಿಸಿ, ದೀಪದ ಈಚೆಗೆ ಸರಿದು ಕುಳಿತು, “ಕೇಳಿದೆ,” ಎಂದಳು.

ಅವನು ಅತ್ತನು, ಅವಳೂ ಅತ್ತಳು. ಮರುದಿನ ಒಂದನೆಯ ದಿನವಾಯಿತು. ಆ ಬಳಿಕ ನಲವತ್ತೆಂಟು ತುಂಬಿತು, ವರುಷವೂ ತುಂಬಿತು, ಕಂಠಿಯೂ ಮುಗಿದು ತಾಯಿಯ ಕೊರಳಿಗೆ ಏರಿತು. ಓಣಿಯ ಗಂಡಸರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಬಂದು ಆ ದೀಪದ ಮುಂದೆ ಕುಳಿತು ತಮ್ಮ ತಮ್ಮದನ್ನು ಹೇಳಿಕೊಂಡರು, ಅವರ ಮನೆಯ ಕೂಸುಗಳು ನೆಮ್ಮದಿಯಿಂದ ಉಸಿರಾಡಿದವು. ಮಾನಪ್ಪನಿಗೆ ಮತ್ತೆ ಮಕ್ಕಳಾದವೇ ಎಂದು ಕೇಳಬೇಡಿರಿ, ಆಗಲಿಲ್ಲ. ಆಸೆ ಸತ್ತಿತೇ ಎಂದೂ ಕೇಳಬೇಡಿರಿ. ಮುಪ್ಪಿನಲ್ಲಿ, ಹಲ್ಲು ಬಿದ್ದ ಮೇಲೂ, ಕೆಲವು ಸಂಜೆ ಅವನು ಇಂದು ಒಂದು ಸಲ ಬಂದಿತ್ತು ಎನ್ನುವನು, ಅವಳು ಕೇಳಿದೆ ಎನ್ನುವಳು.

ಈ ಕಥೆಯನ್ನು ಹೇಳಿದವರಿಗೂ, ಕಿವಿಗೊಟ್ಟು ಕೇಳಿದವರಿಗೂ, ಕೇಳಿ ಮತ್ತೊಂದು ಮನೆಯಲ್ಲಿ ಹೇಳಿದವರಿಗೂ ಕಾಳಮ್ಮನು ಮಾನಪ್ಪನಿಗೆ ಕೊಟ್ಟ ಬಲವನ್ನೇ ಕೊಡಲಿ, ನೀಲವ್ವನಿಗೆ ಕೊಟ್ಟ ತಾಳ್ಮೆಯನ್ನೇ ಕೊಡಲಿ. ಅವರ ಮಗ್ಗುಲಲ್ಲಿ ಮಲಗುವ ಮಕ್ಕಳ ಉಸಿರು ಬೆಳತನಕ ತಡೆಯದೆ ಆಡಲಿ. ಅಕ್ಷತೆಯನ್ನು ತಾಯಿಯ ಪಾದಕ್ಕೆ ಹಾಕಿ ಕೈಮುಗಿಯಿರಿ. ಕಥೆ ಮುಗಿಯಿತು, ವ್ರತ ಇನ್ನು ಶುರುವಾಗಬೇಕು. ದೀಪ ಉರಿಯುತ್ತಿದೆ, ನಾವು ಬೈಯುವುದಿಲ್ಲ, ನಗುವುದಿಲ್ಲ. ಯಾರು ಮೊದಲು ಹೇಳುತ್ತೀರಿ?