ಕೊಬ್ಬಿನ ಹನಿ, ಜೋಳದ ಹಗೇವು

“ಬದುಕಿರುವ ಕೋಶದ ಒಳಗನ್ನು ಕಣ್ಣಾರೆ ಕಂಡ ಮೇಲೂ ಕಂಡದ್ದನ್ನು ನಂಬಬಾರದೇಕೆ, ಸರ್?”

ಕೇಳಿದವನು ಸಂಶೋಧನಾ ವಿದ್ಯಾರ್ಥಿ ಇಂದುಧರ. ದನಿಯಲ್ಲಿ ವಿನಯವಿತ್ತು, ವಿನಯದ ಅಡಿಯಲ್ಲಿ ಸಿಟ್ಟಿತ್ತು. ಯಕೃತ್ತಿನ ಕೋಶಗಳನ್ನು ಅವನು ಕೊಲ್ಲದೆ, ಬಣ್ಣ ಹಾಕದೆ ಅಭ್ಯಸಿಸಿದ್ದ. ಲೇಸರ್ ಬೆಳಕು ಬಿದ್ದರೆ ಕೊಬ್ಬಿನ ಅಣುಗಳು ತಮ್ಮದೇ ರೀತಿಯಲ್ಲಿ ಕಂಪಿಸುತ್ತವೆ. ಮರಳಿ ಬಂದ ಬೆಳಕಿನಲ್ಲಿ ಆ ಕಂಪನದ ಗುರುತು ಹಿಡಿದು ಯಂತ್ರ ಚಿತ್ರ ಮೂಡಿಸುತ್ತದೆ. ಚಿತ್ರ ಮೊದಲು ಮಸುಕಾಗಿತ್ತು. ಅವನು ಬೆಳಕನ್ನು ಹೆಚ್ಚಿಸಿದ. ಹೊತ್ತು ಕಳೆದಂತೆ ಕೋಶದೊಳಗೆ ಕೊಬ್ಬಿನ ಹನಿಗಳು ಒಂದೊಂದಾಗಿ ಮೂಡಿದವು. ಕೊಬ್ಬು ಉಣಿಸದಿದ್ದರೂ ಆರೋಗ್ಯವಂತ ಕೋಶ ಕೊಬ್ಬನ್ನು ಕೂಡಿಡುತ್ತದೆ ಎಂದು ಪ್ರಬಂಧ ಬರೆದ. ಜೊತೆಗೇ ಬೆಳೆಸಿದ್ದ, ಬೆಳಕು ಸೋಕದ ಇನ್ನೊಂದು ತಟ್ಟೆ ಕೋಶಗಳನ್ನು ಇನ್ನೇತಕ್ಕೆಂದು ನೋಡದೆಯೇ ಚೆಲ್ಲಿದ.

ಬೇರೊಂದು ಪ್ರಯೋಗಾಲಯವೂ ಇದೇ ವಿಷಯದ ಬೆನ್ನು ಹತ್ತಿತ್ತು. ಅವರು ಮೊದಲು ಪ್ರಕಟಿಸಿದರೆ ಇವನ ವರ್ಷಗಳ ದುಡಿಮೆ ನೀರುಪಾಲು. ಆದರೂ ಗುರು ವೃಷಭೇಂದ್ರಪ್ಪನವರು ಪ್ರಬಂಧ ಕಳಿಸಲು ಒಪ್ಪಿರಲಿಲ್ಲ.

“ಕೂತುಕೋ. ಒಂದು ಕತೆ ಹೇಳುತ್ತೇನೆ,” ಎಂದರು.

ಇದೇನು ಕತೆ ಕೇಳುವ ಹೊತ್ತೇ ಎಂದುಕೊಂಡ ಇಂದುಧರ. ಕೂತ.

ಒಬ್ಬ ಅಧಿಕಾರಿ ಇದ್ದ. ಜನ ಏನು ಉಣ್ಣುತ್ತಾರೆ, ಎಷ್ಟು ಉಳಿಸುತ್ತಾರೆ ಎಂದು ಅರಸನಿಗೆ ತಿಳಿಸುವುದು ಅವನ ಕೆಲಸ. ಅವನ ಹಿಂದಿನವರು ಊರನ್ನು ಖಾಲಿ ಮಾಡಿಸಿ, ಬರಿದಾದ ಮನೆಗಳಲ್ಲಿ ಮಡಕೆ ತಡಕುತ್ತಿದ್ದರು. ಇವನಿಗೆ ಅದು ಹಿಡಿಸಲಿಲ್ಲ. ಗುಡ್ಡದ ಮೇಲೆ ನಿಂತು, ಬಾಳುತ್ತಿರುವ ಊರನ್ನೇ ನೋಡಿದ. ಸರಿಯಾಗಿ ಕಾಣಲಿಲ್ಲ. ಕುದುರೆ ಸವಾರರನ್ನು ಕರೆಸಿ ಬೀದಿಬೀದಿಯಲ್ಲಿ ನಿಲ್ಲಿಸಿದ. ಈಗ ಎಲ್ಲವೂ ಕಂಡಿತು. ಜನ ಹಿತ್ತಿಲಲ್ಲಿ ಹಗೇವು ತೋಡಿ, ಜೋಳ ಸುರಿದು, ಮಣ್ಣು ಮುಚ್ಚುತ್ತಿದ್ದರು. ಸವಾರರು ಹೆಚ್ಚಿದಷ್ಟೂ ಹಗೇವುಗಳು ಹೆಚ್ಚಿದವು.

ಅಧಿಕಾರಿ ಒಬ್ಬ ರೈತನನ್ನು ತಡೆದ. “ಏನಯ್ಯಾ, ಮನೆಯಲ್ಲಿ ಕಣಜವಿದೆ. ನೆಲದೊಳಗೆ ಯಾಕೆ ಹೂಳುತ್ತೀ?”

ರೈತ ಗುದ್ದಲಿ ಊರಿ ನಿಂತ. “ಅದಿರಲಿ ಒಡೆಯಾ, ಕುದುರೆಗಳು ಯಾವಾಗ ಹೊರಡುತ್ತವೆ?”

ಕೇಳಿದ್ದಕ್ಕೆ ಉತ್ತರ ಕೊಡದ ಉದ್ಧಟ ಎಂದುಕೊಂಡ ಅಧಿಕಾರಿ, ಹೂತಿಡುವುದು ಈ ಜನರ ಹುಟ್ಟುಗುಣ ಎಂದು ಅರಸನಿಗೆ ವರದಿ ಮಾಡಿದ. ಅರಸ ನಂಬಿದ. ಹುಟ್ಟುಗುಣವನ್ನು ತಿದ್ದಲು ಇನ್ನಷ್ಟು ಸವಾರರನ್ನು ಕಳಿಸಿದ.

ಸಿಟ್ಟಿನ ನಡುವೆಯೂ ಇಂದುಧರನಿಗೆ ನಗು ಬಂತು. “ಎಂಥ ದಡ್ಡ, ಸರ್! ಕುದುರೆ ಕಾಲಿಡದ ನೆರೆಯೂರನ್ನು ಒಮ್ಮೆ ನೋಡಿಬಂದಿದ್ದರೆ ಸಾಕಿತ್ತು.”

ಗುರುಗಳು ಪ್ರಬಂಧವನ್ನು ಅವನ ಕಡೆಗೆ ಸರಿಸಿದರು.

“ನಿನ್ನ ನೆರೆಯೂರು ಆ ಇನ್ನೊಂದು ತಟ್ಟೆಯಲ್ಲಿತ್ತು, ಚೆಲ್ಲಿಬಿಟ್ಟೆಯಲ್ಲಪ್ಪಾ.”