ನಡುವಿನ ಖಾಲಿ ಡಬ್ಬಿಗಳು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಸತ್ತವರಿಗೆ ಕೊಟ್ಟ ಮಾತು ಮುರಿದರೆ ಯಾರಿಗೆ ನಷ್ಟ?"

ಗುರುಗಳು ಒಂದು ಕಥೆ ಹೇಳಿದರು.

ಬಂದರಿನಲ್ಲಿ ಒಬ್ಬಾತ ರೈಲು ಡಬ್ಬಿಗಳನ್ನು ಸರಿಸುವ ಶಂಟಿಂಗ್ ಎಂಜಿನ್ ಓಡಿಸುತ್ತಿದ್ದ. ಸರಕು ತುಂಬಿದ ಡಬ್ಬಿಗಳನ್ನು ಹಡಗಿನ ಪಕ್ಕಕ್ಕೆ ತಳ್ಳುವುದು ಅವನ ಕೆಲಸ. ಹಡಗುಕಟ್ಟೆ ಮರದ್ದು. ಡಬ್ಬಿಯ ಭಾರ ತಡೆಯುತ್ತಿತ್ತು, ಎಂಜಿನ್ನಿನ ಭಾರಕ್ಕೆ ನಡುಗುತ್ತಿತ್ತು. ಅದಕ್ಕೇ ಎಂಜಿನ್ನಿಗೂ ಸರಕಿನ ಡಬ್ಬಿಗಳಿಗೂ ನಡುವೆ ಎರಡು ಖಾಲಿ ಡಬ್ಬಿ ಜೋಡಿಸುವುದು ಅಲ್ಲಿಯ ಪದ್ಧತಿ. ಖಾಲಿ ಡಬ್ಬಿ ಕಟ್ಟೆ ಹತ್ತಬೇಕು, ಎಂಜಿನ್ ನೆಲದ ಮೇಲೇ ನಿಲ್ಲಬೇಕು. ಅವಸರವಿದ್ದಾಗ ಕೆಲವರು ಎಂಜಿನ್ನನ್ನೇ ಹತ್ತಿಸಿಬಿಡುವುದೂ ಇತ್ತು.

ಅವನ ಹೆಂಡತಿ ಆ ಕಟ್ಟೆಯ ಮೇಲೆ ಚಹಾ ಮಾರುತ್ತಿದ್ದಳು. "ರೀ, ನೀವು ಮಾತ್ರ ಎಂಜಿನ್ ತರಬೇಡಿ. ಕಾಲಡಿ ಹಲಗೆ ನಡುಗಿದ್ರೆ ನನ್ನ ಜೀವ ಬಾಯಿಗೆ ಬರುತ್ತೆ" ಅಂದಿದ್ದಳು. "ತರಲ್ಲ" ಅಂದಿದ್ದ.

ಅವಳು ತೀರಿಕೊಂಡಳು. ಕಟ್ಟೆಯನ್ನೂ ಒಡೆದು ಸಿಮೆಂಟು ಸುರಿದರು. ಆಗ ಅವನು ಒಂದು ಹಳೇ ಬಾಗಿಲನ್ನು ಮಲಗಿಸಿ, ಅದರ ಮೇಲೆ ಒಂದು ಪುಟ್ಟ ಆಟಿಕೆ ಬಂದರು ಕಟ್ಟಿದ. ಅಂಗೈ ಉದ್ದದ ಎಂಜಿನ್. ಬೆಂಕಿಪೊಟ್ಟಣದಷ್ಟು ಡಬ್ಬಿಗಳು. ಬಣ್ಣ ಬಳಿದ ಗಾಜು ನೀರಾಯಿತು, ಬಿದಿರುಕಡ್ಡಿ ಕಟ್ಟೆಯಾಯಿತು. ಕಟ್ಟೆಯ ಮೇಲೆ ಕೆಟಲ್ ಹಿಡಿದು ನಿಂತ ಒಂದು ಹೆಂಗಸಿನ ಗೊಂಬೆ, ಉಗುರಿನಷ್ಟು. ಊರು ಆ ಕಟ್ಟೆಯನ್ನು ಇನ್ನೊಂದು ಸಲ ನೋಡಬೇಕು. ಅವನಿಗೆ ಉಳಿದಿದ್ದ ಆಸೆ ಅದೊಂದೇ.

ಪಟ್ಟಣದಲ್ಲಿ ಆಟದ ರೈಲುಗಳ ಪ್ರದರ್ಶನವಿತ್ತು. ಬಾಗಿಲು ಹೊತ್ತು ಹೋದ. ಶಂಟಿಂಗ್ ಮಾಡಿ ತೋರಿಸಿದ. ಪ್ರದರ್ಶನ ನಡೆಸುವವನು ನೋಡಿ ನಕ್ಕ.

"ಯಜಮಾನ್ರೇ, ಆ ಖಾಲಿ ಡಬ್ಬಿ ತೆಗೀರಿ. ಎಂಜಿನ್ ಹಡಗಿನ ತನಕ ಹೋಗ್ಲಿ. ಜನ ಬರೋದು ಎಂಜಿನ್ ನೋಡೋಕೆ."

"ಎಂಜಿನ್ ಕಟ್ಟೆ ಹತ್ತಲ್ಲ."

"ಒಂದು ತೆಂಗಿನಕಾಯಿಯಷ್ಟೂ ತೂಕ ಇಲ್ಲ ಇದು! ನಿಮ್ಮ ಬಿದಿರುಕಡ್ಡಿ ಮುರಿದು ಯಾರು ನೀರಿಗೆ ಬೀಳ್ತಾರೆ?"

"ತರಲ್ಲ ಅಂತ ಹೆಂಡ್ತಿಗೆ ಹೇಳಿದ್ದೀನಿ."

"ಅವರನ್ನೇ ಕರೀರಿ, ನಾನು ಒಪ್ಪಿಸ್ತೀನಿ."

"ಹೋಗಿಬಿಟ್ಟಳು."

ನಗುತ್ತಿದ್ದವನು ದನಿ ತಗ್ಗಿಸಿದ. "ಹಾಗಾದ್ರೆ ಇನ್ನು ತಡೆಯೋರು ಯಾರು, ಯಜಮಾನ್ರೇ?"

"ನಾನಿದ್ದೀನಲ್ಲ."

ಎಂಜಿನ್ ಹಡಗಿನ ತನಕ ಹೋಗದಿದ್ದರೆ ಇಲ್ಲಿ ಜಾಗವಿಲ್ಲ ಎಂದು ಪ್ರದರ್ಶನದವನು ಖಡಾಖಂಡಿತವಾಗಿ ಹೇಳಿದ. ಮುದುಕ ವಾದ ಮಾಡಲಿಲ್ಲ. ಎಂಜಿನ್ನಿಗೆ ಕರೆಂಟು ಕೊಟ್ಟಿದ್ದ ತಂತಿ ಕಿತ್ತ. ಡಬ್ಬಿಗಳನ್ನು ಜೇಬಿಗೆ ಹಾಕಿಕೊಂಡ. ಬಾಗಿಲನ್ನು ಓರೆಯಾಗದಂತೆ ಎತ್ತಿ ತಲೆಯ ಮೇಲಿಟ್ಟುಕೊಂಡು, ಸಾಲುಗಟ್ಟಿ ನಿಂತ ಜನರ ನಡುವೆಯೇ ಹೊರಗೆ ನಡೆದ. ಜನ ಬದಿಗೆ ಸರಿದರು. ತಲೆಯ ಮೇಲೆ ಏನಿದೆ ಎಂದು ಯಾರಿಗೂ ಕಾಣಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಊರು ಕಟ್ಟೆಯನ್ನು ನೋಡಲೇ ಇಲ್ಲ. ಮಾತು ಉಳಿಸಿಕೊಂಡು ಅವನೇ ಕಳೆದುಕೊಂಡನಲ್ಲ, ಗುರುಗಳೇ. ಸತ್ತವರಿಗೆ ಇದೆಲ್ಲ ಗೊತ್ತಾಗುತ್ತದೆಯೇ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ಸತ್ತವರು ಅನ್ನಬೇಡ, ತೀರಿಕೊಂಡ ನಿನ್ನ ಹೆಂಡತಿಯ ಹೆಸರು ಹಿಡಿದು ಇನ್ನೊಮ್ಮೆ ಕೇಳು."