ಗದ್ದುಗೆಯ ಮೇಲಿನ ಬಿಳಿ ಔಷಧ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೇಕಾದರೆ ನನ್ನ ಮೀಸೆ ಮುಟ್ಟಿ ಆಣೆ ಮಾಡುತ್ತೇನೆ. ಇಷ್ಟು ದಪ್ಪ ಮೀಸೆ, ಇಷ್ಟು ನಿಜ ಹೇಳುವ ಬಾಯಿ ಎರಡೂ ಒಂದೇ ಮುಖದಲ್ಲಿ ಸಿಗುವುದು ಈ ಸೀಮೆಗೆಲ್ಲ ನನ್ನೊಬ್ಬನಲ್ಲೇ.

ಕಡ್ಲಿಗುಂದಿ ಮಠದ ಪೂಜ್ಯ ಗುರುಪಾದಯ್ಯ ಅಜ್ಜನವರು ಅಂದು ಮುಂಜಾನೆ ದಾಸೋಹದ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದರು. ಪೂಜ್ಯರಿಗೆ ಪೀಠವಿರಲಿಲ್ಲವೆಂದಲ್ಲ, ಅದರ ಮೇಲೆ ಅವರನ್ನು ಕಂಡವರು ಕಡಿಮೆ.

ಆಗ ದವಾಖಾನೆಯ ಕಂಪೌಂಡರ್ ಸಂಜೀವಪ್ಪನವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು. ದೇವರು, ಗುರು ಎಂದರೆ ಮೂಗು ಮುರಿಯುವ ಮನುಷ್ಯ. ಅವರ ತಾಯಿ ನೀಲವ್ವ ಭೇದಿಯಿಂದ ಬಳಲುತ್ತ, ಐದು ದಿನದ ಹರಕೆ ಹೊತ್ತು ಮಠದ ಪಡಸಾಲೆಯಲ್ಲೇ ಮಲಗಿದ್ದರು. ಮಗ ಕೊಟ್ಟ ಬಿಳಿ ಔಷಧದ ಬಾಟಲಿಯನ್ನು ಗುರುವಿನ ಕೃಪೆಯಾಗಲೆಂದು ಹಿಂದಿನ ಗುರುಗಳ ಗದ್ದುಗೆಯ ಮೇಲೆ ಇಡಿಸಿದ್ದರು. ಗದ್ದುಗೆ ಏರಿದ ವಸ್ತುವನ್ನು ಅಲುಗಿಸಬಾರದು, ಹೂವಿನಂತೆ ಎತ್ತಬೇಕು ಎಂಬುದು ಅಲ್ಲಿಯ ನಡಾವಳಿ. ನಾಲ್ಕು ದಿನ ಕಳೆದರೂ ಗುಣ ಕಂಡಿರಲಿಲ್ಲ. ಕಣ್ಣು ಗುಳಿಬಿದ್ದು, ದನಿ ಒಣಗಿತ್ತು.

"ಅಜ್ಜಾರ, ನಿಮ್ಮ ಗದ್ದಿಗಿ ನನ್ನ ಔಷಧದ ಸತುವೆಲ್ಲಾ ಹೀರೇತಿ! ನಮ್ಮವ್ವಗ ಏನರ ಆದ್ರ ನಾ ಸುಮ್ನ ಬಿಡಾವಲ್ಲ" ಎಂದು ಅಬ್ಬರಿಸಿದ ಸಂಜೀವಪ್ಪ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ನೀರೆಲ್ಲ ಖಾಲಿ, ತಳದಲ್ಲಿ ನಾಲ್ಕು ಬೆರಳು ಬಿಳಿ ಕೆಸರು.

"ಯವ್ವಾ, ಇದನ್ಯಾಕ ಬಿಟ್ಟೀ?"

"ಅದು ಹೊಲಸೋ ಯಪ್ಪಾ. ಗುರುವಿನ ಪುಣ್ಯಾ, ಹೊಲಸೆಲ್ಲಾ ತಳಕ್ಕ ಕುಂದರ್ತಿತ್ತು. ನಾ ಮ್ಯಾಲಿನ ತಿಳೀ ತೀರ್ಥಾನ ಕುಡದೆ."

"ಆ ಹೊಲಸ ಔಷಧಾ ಬೇ!"

"ನೀ ಸಾಲಿ ಕಲ್ತಾಂವ, ಗುರುವಿಗಿಂತ ಶಾಣ್ಯಾ ಬಿಡು" ಎಂದು ಮುದುಕಿ ಗೋಡೆಗೆ ಮುಖ ತಿರುಗಿಸಿದರು. ಮಗ ಗದರಿದರು, ಬೇಡಿದರು, ಕಡೆಗೆ ಕಾಲನ್ನೂ ಹಿಡಿದರು. ಕೆಸರು ಕುಡಿಯಲು ನೀಲವ್ವ ಒಪ್ಪಲಿಲ್ಲ.

ಪೂಜ್ಯರು ಮೊರ ಬದಿಗಿಟ್ಟು ಎದ್ದರು. ಎರಡು ಗಾಜಿನ ಲೋಟಗಳಲ್ಲಿ ನೀರು ತಂದು, ಒಂದಕ್ಕೆ ಚಿಟಿಕೆ ಉಪ್ಪು, ಇನ್ನೊಂದಕ್ಕೆ ಚಿಟಿಕೆ ವಿಭೂತಿ ಹಾಕಿ, ನೀಲವ್ವನ ಬೆರಳಿನಿಂದಲೇ ಕಲಕಿಸಿದರು. ಆಮೇಲೆ ಹೋಗಿ ಮತ್ತೆ ಬೇಳೆ ಆರಿಸತೊಡಗಿದರು. ಸಂಜೀವಪ್ಪ ಪಡಸಾಲೆ ತುಂಬ ಓಡಾಡಿ ಚಪ್ಪಲಿ ಸವೆಸಿದರು. ಬೇಳೆ ಮುಗಿಯುವ ಹೊತ್ತಿಗೆ ವಿಭೂತಿಯೆಲ್ಲ ತಳ ಸೇರಿ, ಮೇಲಿನ ನೀರು ತಿಳಿಯಾಗಿತ್ತು.

"ಉಪ್ಪಿನ ನೀರು ಮ್ಯಾಲಿಂದೊಂದು ಹನಿ, ತಳದ್ದೊಂದು ಹನಿ ರುಚಿ ನೋಡವ್ವಾ."

"ಎರಡೂ ಅಷ್ಟಽ ಉಪ್ಪದಾವ್ರಿ ಅಜ್ಜಾ."

"ಉಪ್ಪು ಕರಗಿ ನೀರಾಗ ಒಂದಾಗೇತಿ, ಇನ್ನ ತಳಕ್ಕ ಕೂಡಂಗಿಲ್ಲ. ವಿಭೂತಿ ಕರಗಿಲ್ಲ, ಬರೇ ತೇಲ್ತಿತ್ತು. ವಿಭೂತಿ ಹೊಲಸೇನು?"

ಮುದುಕಿ ಲೋಟ ನೋಡಿದರು, ಬಾಟಲಿ ನೋಡಿದರು. "ಹಂಗಾರ ನಾ ನಾಕ ದಿನಾ ಬರೇ ನೀರ ಕುಡದೆನ್ರೀ?"

ಸಂಜೀವಪ್ಪ ಸಂತೋಷದಿಂದ ಬಾಟಲಿಯ ಕೆಸರನ್ನೇ ತಾಯಿಯ ಬಾಯಿಗೆ ಬಗ್ಗಿಸಹೋದರು. ಪೂಜ್ಯರು ಅಂಗೈ ಅಡ್ಡ ಹಿಡಿದರು.

"ತಮ್ಮಾ, ನಾಕ ದಿನದ ಔಷಧಾ ಒಂದಽ ಗುಟುಕಿಗೆ ಕುಡಸ್ತೀಯೇನು?"

ಕಂಪೌಂಡರರು ಬಾಟಲಿ ಹಿಂದಕ್ಕೆಳೆದರು. "ತಪ್ಪಾತ್ರಿ. ಆದ್ರ ಅಲಗ್ಯಾಡಿಸಿ ಕುಡೀರಿ ಅಂತ ಚೀಟಿ ಮ್ಯಾಲ ಬರದೇನ್ರಿ ನಾ."

"ಬರದೀ, ಖರೆ. ನಿಮ್ಮವ್ವಗ ಓದಾಕ ಬರ್ತೇತೇನು?"

ಸಂಜೀವಪ್ಪನವರು ಆಗ ಚಪ್ಪಲಿಯ ನೆನಪಾಗಿ, ಹೊರಗೆ ಬಿಟ್ಟು ಬಂದು ಪೂಜ್ಯರ ಪಾದಕ್ಕೆ ಹಣೆ ಹಚ್ಚಿದರು. ದವಾಖಾನೆಯಿಂದ ಹೊಸ ಬಾಟಲಿ ತಂದರು. ಪೂಜ್ಯರು ಅದನ್ನು ಗದ್ದುಗೆಯ ಎದುರಿಗೇ ನಿಂತು, ಮಜ್ಜಿಗೆ ಕಡೆಯುವವರಂತೆ ಗಡಗಡ ಕುಲುಕಿ ಕೊಟ್ಟರು. ನಡಾವಳಿ ಮುರಿಯಿತೆಂದು ಯಾರೂ ಉಸಿರೆತ್ತಲಿಲ್ಲ. ಮೂರನೆಯ ದಿನ ನೀಲವ್ವ ಎದ್ದು ಕುಳಿತು ಗಂಜಿ ಕೇಳಿದರು.

ಅಂದಿನಿಂದ ಸಂಜೀವಪ್ಪನವರು ದವಾಖಾನೆಯ ಇನ್ನೊಂದು ಔಷಧವಾದ ಕೆಂಪು ನೀರನ್ನು ಕುಲುಕಿಸದೆ ಹಾಗೆಯೇ ಕೊಡುತ್ತಿದ್ದರು. ಅದರಲ್ಲಿ ಕರಗಿದ್ದು ಕರಗಿಯೇ ಇರುತ್ತದೆ. ಬಿಳಿ ಬಾಟಲಿಯನ್ನು ಮಾತ್ರ ರೋಗಿಯ ಕೈಗಿತ್ತು, ತಮ್ಮೆದುರಿಗೇ ಕುಲುಕಿಸಿ, "ಪ್ರತಿ ಸಲ ಹಿಂಗಽ ಮಾಡ್ತೇನ್ರಿ" ಎಂದು ಬಾಯಿಬಿಟ್ಟು ಹೇಳಿಸದೆ ಕಳಿಸುತ್ತಿರಲಿಲ್ಲ. ಹೀಗೆ ಕುಲುಕಿ ಕುಲುಕಿ ಕಡ್ಲಿಗುಂದಿಯವರ ಬಲರಟ್ಟೆ ಎಷ್ಟು ಗಟ್ಟಿಯಾಯಿತೆಂದರೆ, ಮುಂದೆ ಹನ್ನೆರಡು ವರ್ಷ ಕುಸ್ತಿ ಕಣದಲ್ಲಿ ಅವರನ್ನು ಕೆಡವುವ ಪೈಲ್ವಾನ ಹುಟ್ಟಲಿಲ್ಲ. ಇದೂ ನಿಜವೇ.

ಒಂದು ಸಣ್ಣ ಸಂಗತಿ ಮಾತ್ರ ನಾನು ಸ್ವಂತವಾಗಿ ಸೇರಿಸಿದ್ದು, ಆ ಎರಡನೆಯ ಗಾಜಿನ ಲೋಟ. ಮಠದಲ್ಲಿ ಗಾಜಿನ ಲೋಟ ಇದ್ದದ್ದು ಒಂದೇ, ಅದರಲ್ಲಿ ವಿಭೂತಿ ಇತ್ತು. ಉಪ್ಪು ಹಾಕಿದ್ದು ಹಿತ್ತಾಳೆಯ ತಂಬಿಗೆಗೆ. ಕರಗಿ ಹೋದ ಉಪ್ಪಿನಲ್ಲಿ ಕಣ್ಣಿಗೆ ಕಾಣುವುದಾದರೂ ಏನಿತ್ತು?